ರಕ್ತ ಹೆಪ್ಪುಗಟ್ಟಿದಾಗ ಯಾವ ಔಷಧಿ? ಆಸ್ಪಿರಿನ್, ಹೆಪಾರಿನ್, ವಾರ್ಫರಿನ್ ಮತ್ತು ಹೊಸ ಮಾತ್ರೆಗಳ ಹೋಲಿಕೆ

ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು ಸ್ಕ್ಯಾನ್‌ನಲ್ಲಿ ಗೊತ್ತಾದ ಮೇಲೆ ಮುಂದಿನ ಪ್ರಶ್ನೆ ಔಷಧಿಯದು. ಒಬ್ಬರಿಗೆ ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್ ಬರೆದಿರುತ್ತಾರೆ. ಇನ್ನೊಬ್ಬರಿಗೆ ದಿನಕ್ಕೆರಡು ಮಾತ್ರೆ. ಮತ್ತೊಬ್ಬರಿಗೆ ಪದೇ ಪದೇ ರಕ್ತ ಪರೀಕ್ಷೆ ಮಾಡಿಸಬೇಕಾದ ವಾರ್ಫರಿನ್. ಪಕ್ಕದವರು ಎಷ್ಟೋ ವರ್ಷದಿಂದ ಆಸ್ಪಿರಿನ್ ನುಂಗುತ್ತಿರುತ್ತಾರೆ. ‘ಎಲ್ಲವೂ ರಕ್ತ ತೆಳು ಮಾಡೋ ಮಾತ್ರೆಗಳೇ ಅಲ್ವಾ, ಯಾವುದಾದರೇನು?’ ಎಂದು ಅನ್ನಿಸುವುದು ಸಹಜ.

ಆದರೆ ಇವು ಒಂದರ ಬದಲಿಗೆ ಒಂದು ನುಂಗುವಂಥವಲ್ಲ. ಹೆಪ್ಪುಗಟ್ಟುವ ಕೆಲಸದ ಬೇರೆ ಬೇರೆ ಹಂತವನ್ನು ಇವು ತಡೆಯುತ್ತವೆ. ಒಬ್ಬರ ಜೀವ ಉಳಿಸಿದ ಮಾತ್ರೆ ಇನ್ನೊಬ್ಬರಿಗೆ ಅಪಾಯ ತರಬಹುದು. ಅದಕ್ಕೇ ‘ಯಾವ ಔಷಧಿ ಒಳ್ಳೆಯದು’ ಅನ್ನುವುದಕ್ಕಿಂತ ಮೊದಲು ‘ಹೆಪ್ಪು ಎಲ್ಲಿ ಆಗಿದೆ, ಯಾಕೆ ಆಗಿದೆ’ ಎಂದು ಕೇಳಬೇಕು. ಈ ಎರಡಕ್ಕೆ ಉತ್ತರ ಸಿಕ್ಕರೆ ಆಯ್ಕೆಯ ಅರ್ಧ ಕೆಲಸ ಮುಗಿದ ಹಾಗೆ. ಉಳಿದರ್ಧಕ್ಕೆ ನಿಮ್ಮ ಕಿಡ್ನಿ ಹೇಗಿದೆ, ಬೇರೆ ಏನೇನು ಮಾತ್ರೆ ತಗೊಳ್ತಿದ್ದೀರಿ, ಹೊತ್ತಿಗೆ ಸರಿಯಾಗಿ ನುಂಗುತ್ತೀರಾ ಅನ್ನುವುದನ್ನು ನೋಡಬೇಕು. ತೀರ್ಮಾನ ವೈದ್ಯರದೇ. ಆದರೂ ವಿಷಯ ತಿಳಿದುಕೊಂಡು ಅವರ ಮುಂದೆ ಕೂತರೆ ಮಾತು ಬೇರೆಯೇ ಆಗುತ್ತದೆ.

ಹೆಪ್ಪು ಆಗುವುದು ಹೇಗೆ

ರಕ್ತನಾಳದ ಒಳಗೋಡೆ ಗಾಯವಾದ ಕೂಡಲೇ ಪ್ಲೇಟ್‌ಲೆಟ್‌ಗಳು ಅಲ್ಲಿಗೆ ಬಂದು ಅಂಟಿಕೊಳ್ಳುತ್ತವೆ. ರಕ್ತದ ಒಂದು ಮೈಕ್ರೋಲೀಟರ್‌ನಲ್ಲಿ ಇವು ಸಾಮಾನ್ಯವಾಗಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತವೆ. ಅಂಟಿಕೊಂಡವು ಥ್ರಾಂಬಾಕ್ಸೇನ್ ಎಂಬ ರಾಸಾಯನಿಕ ಬಿಟ್ಟು ಇನ್ನಷ್ಟು ಪ್ಲೇಟ್‌ಲೆಟ್‌ಗಳನ್ನು ಕರೆಯುತ್ತವೆ. ಇದು ಮೊದಲ ಹಂತ.

ಅದೇ ಹೊತ್ತಿಗೆ ಎರಡನೆಯ ಕೆಲಸವೂ ಶುರುವಾಗಿರುತ್ತದೆ. ರಕ್ತದಲ್ಲಿ ಸುಮ್ನೆ ತೇಲುತ್ತಿದ್ದ ಹೆಪ್ಪಿನ ಅಂಶಗಳು ಒಂದಾದ ಮೇಲೊಂದು ಚುರುಕಾಗುತ್ತವೆ. ಇವನ್ನು ರೋಮನ್ ಅಂಕಿಗಳಿಂದ ಗುರುತಿಸುತ್ತಾರೆ. ಹತ್ತನೆಯ ಅಂಶ ಚುರುಕಾದರೆ ಪ್ರೋಥ್ರಾಂಬಿನ್ ಥ್ರಾಂಬಿನ್ ಆಗುತ್ತದೆ. ಥ್ರಾಂಬಿನ್ ಹೋಗಿ ಫೈಬ್ರಿನೋಜೆನ್ ಅನ್ನು ಫೈಬ್ರಿನ್ ಎಳೆಗಳಾಗಿ ಬದಲಾಯಿಸುತ್ತದೆ. ಆ ಎಳೆಗಳು ಮೀನಿನ ಬಲೆಯ ಹಾಗೆ ಹೆಣೆದುಕೊಂಡು ಪ್ಲೇಟ್‌ಲೆಟ್‌ಗಳನ್ನೂ ಕೆಂಪು ರಕ್ತಕಣಗಳನ್ನೂ ಹಿಡಿದಿಡುತ್ತವೆ. ಗಾಯ ಮಾಗಿದ ಮೇಲೆ ಪ್ಲಾಸ್ಮಿನ್ ಎಂಬ ಕಿಣ್ವ ಆ ಎಳೆಗಳನ್ನು ಕತ್ತರಿಸಿ ಹೆಪ್ಪನ್ನು ಕರಗಿಸುತ್ತದೆ. ಈ ಕಟ್ಟುವ ಕೆಲಸ, ಕರಗಿಸುವ ಕೆಲಸ ಎರಡೂ ಸರಿಯಾಗಿ ತೂಗಿಕೊಂಡು ಹೋಗುತ್ತಿದ್ದರೆ ನಮಗೆ ಗೊತ್ತೇ ಆಗುವುದಿಲ್ಲ.

ತೂಕ ತಪ್ಪುವುದು ಯಾವಾಗ? ಜರ್ಮನಿಯ ರೋಗವಿಜ್ಞಾನಿ ರುಡಾಲ್ಫ್ ವಿರ್ಶೋ 1850ರ ದಶಕದಲ್ಲಿ ಮಾಡಿದ ಕೆಲಸದಿಂದ ಮೂರು ಕಾರಣಗಳ ಪಟ್ಟಿ ಬೆಳೆಯಿತು. ರಕ್ತ ನಿಧಾನವಾಗಿ ಹರಿಯುವುದು, ನಾಳದ ಗೋಡೆಗೆ ಪೆಟ್ಟಾಗುವುದು, ರಕ್ತದ ಹೆಪ್ಪುಗಟ್ಟುವ ಗುಣವೇ ಜಾಸ್ತಿಯಾಗುವುದು. ಇಂದಿಗೂ ವೈದ್ಯರು ಕಾರಣ ಹುಡುಕುವಾಗ ಈ ಮೂರನ್ನೇ ಮುಂದಿಟ್ಟುಕೊಳ್ಳುತ್ತಾರೆ. ದೊಡ್ಡ ಆಪರೇಷನ್ ಆಗಿ ಮಲಗಿದವರಲ್ಲಿ ಮೂರೂ ಒಟ್ಟಿಗೆ ಸೇರುವುದರಿಂದಲೇ ಅವರಿಗೆ ಅಪಾಯ ಜಾಸ್ತಿ. ಕ್ಯಾನ್ಸರ್, ಗರ್ಭಾವಸ್ಥೆ, ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ, ಹುಟ್ಟಿನಿಂದ ಬಂದ ಫ್ಯಾಕ್ಟರ್ ಫೈವ್ ಲೈಡನ್‌ನಂಥ ದೋಷ – ಇವೆಲ್ಲ ರಕ್ತದ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸುತ್ತವೆ.

ಎಲ್ಲಿ ಆಗಿದೆ ಅನ್ನುವುದೇ ಮೊದಲ ಪ್ರಶ್ನೆ

ಹೃದಯದಿಂದ ಹೊರಡುವ ಅಪಧಮನಿಗಳಲ್ಲಿ ರಕ್ತ ರಭಸವಾಗಿ ಹರಿಯುತ್ತದೆ. ಅಲ್ಲಿ ಹೆಪ್ಪಾಗಬೇಕಾದರೆ ಸಾಮಾನ್ಯವಾಗಿ ಗೋಡೆಯಲ್ಲಿ ಕೊಬ್ಬು ಕೂತು, ಆ ಜಾಗ ಒಡೆದಿರಬೇಕು. ಆ ಹೆಪ್ಪಿನಲ್ಲಿ ಪ್ಲೇಟ್‌ಲೆಟ್‌ಗಳೇ ಹೆಚ್ಚು. ಹೃದಯಾಘಾತ ಮತ್ತು ಹಲವು ಪಾರ್ಶ್ವವಾಯುಗಳ ಮೂಲ ಇದು.

ಹೃದಯಕ್ಕೆ ಮರಳುವ ಅಭಿಧಮನಿಗಳಲ್ಲಿ ಹರಿವು ನಿಧಾನ. ಅಲ್ಲಿನ ಹೆಪ್ಪಿನಲ್ಲಿ ಫೈಬ್ರಿನ್ ಮತ್ತು ಕೆಂಪು ಕಣಗಳು ಜಾಸ್ತಿ. ಮೀನಖಂಡ ಅಥವಾ ತೊಡೆಯ ಆಳದ ನಾಳದಲ್ಲಿ ಆದರೆ ಅದನ್ನು ಡಿವಿಟಿ ಅನ್ನುತ್ತಾರೆ. ಒಂದೇ ಕಾಲು ಊದಿಕೊಳ್ಳುವುದು, ಮುಟ್ಟಿದರೆ ಬಿಸಿ, ನಡೆದರೆ ನೋವು, ಚರ್ಮದ ಬಣ್ಣ ಬದಲು – ಇವು ಅದರ ಗುರುತು. ಆ ಹೆಪ್ಪಿನ ತುಂಡು ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಪಲ್ಮನರಿ ಎಂಬಾಲಿಸಂ. ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟುವುದು, ಉಸಿರೆಳೆದಾಗ ಎದೆ ಚುಚ್ಚುವುದು, ಎದೆಬಡಿತ ಜೋರಾಗುವುದು, ಕೆಮ್ಮಿದಾಗ ರಕ್ತ ಬರುವುದು, ತಲೆಸುತ್ತಿ ಬೀಳುವುದು – ಇವುಗಳಲ್ಲಿ ಯಾವುದು ಕಂಡರೂ ಔಷಧಿಯ ಹೋಲಿಕೆ ಓದುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಮೂರನೆಯ ಜಾಗವೊಂದಿದೆ, ಅದನ್ನು ಎಷ್ಟೋ ಜನ ಮರೆಯುತ್ತಾರೆ. ಏಟ್ರಿಯಲ್ ಫಿಬ್ರಿಲೇಶನ್ ಎಂಬ ತೊಂದರೆಯಲ್ಲಿ ಹೃದಯದ ಮೇಲಿನ ಕೋಣೆ ಲಯ ತಪ್ಪಿ ಸುಮ್ಮನೆ ನಡುಗುತ್ತದೆ. ಎಡ ಮೇಲ್ಕೋಣೆಗೆ ಅಂಟಿಕೊಂಡ ಪುಟ್ಟ ಚೀಲದಂಥ ಮೂಲೆಯಲ್ಲಿ ರಕ್ತ ನಿಂತು ಹೆಪ್ಪಾಗುತ್ತದೆ. ಅಲ್ಲಿಂದ ಹೊರಟರೆ ನೇರ ಮಿದುಳಿಗೆ ಹೋಗಬಹುದು. ಈ ತೊಂದರೆ ಇರುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು ಹೆಚ್ಚು. ಈ ಹೆಪ್ಪು ಮಿದುಳಿನ ಅಪಧಮನಿಗೆ ಹೋಗಿ ಕೂತರೂ ಹುಟ್ಟಿದ್ದು ನಿಂತ ರಕ್ತದಲ್ಲಿ. ಹಾಗಾಗಿ ಇದಕ್ಕೆ ಬೇಕಾದ ಔಷಧಿಯೂ ಡಿವಿಟಿಯ ಸಾಲಿನದೇ.

ಆಸ್ಪಿರಿನ್: ಎಲ್ಲಿ ಸಾಕು, ಎಲ್ಲಿ ಸಾಲದು

ಆಸ್ಪಿರಿನ್ ತಡೆಯುವುದು ಮೊದಲ ಹಂತವನ್ನು. ಪ್ಲೇಟ್‌ಲೆಟ್ ಥ್ರಾಂಬಾಕ್ಸೇನ್ ತಯಾರಿಸದಂತೆ ಅದು ಶಾಶ್ವತವಾಗಿ ಕಟ್ಟಿಹಾಕುತ್ತದೆ. ಒಂದು ಪ್ಲೇಟ್‌ಲೆಟ್ ಬದುಕುವುದು ಏಳರಿಂದ ಹತ್ತು ದಿನ. ಅದಕ್ಕೇ ದಿನಕ್ಕೆ 75ರಿಂದ 100 ಮಿಲಿಗ್ರಾಂನ ಸಣ್ಣ ಮಾತ್ರೆ ಸಾಕು. ಅದಕ್ಕೇ ನಿಲ್ಲಿಸಿದ ಮೇಲೂ ಪರಿಣಾಮ ಕೆಲವು ದಿನ ಉಳಿಯುತ್ತದೆ. ಹೃದಯಾಘಾತ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಇದು ಸರಿಯಾದ ಔಷಧಿ. ಸ್ಟೆಂಟ್ ಹಾಕಿದ ಆರಂಭದಲ್ಲಿ ಕ್ಲೋಪಿಡೋಗ್ರೆಲ್‌ನಂಥ ಇನ್ನೊಂದನ್ನೂ ಜೊತೆಗೆ ಕೊಡುತ್ತಾರೆ.

ಆದರೆ ಏಟ್ರಿಯಲ್ ಫಿಬ್ರಿಲೇಶನ್ ಇರುವವರು ‘ಹೊಸ ಮಾತ್ರೆ ಜೋರು, ಆಸ್ಪಿರಿನ್ ಸೌಮ್ಯ’ ಎಂದುಕೊಂಡು ಆಸ್ಪಿರಿನ್‌ಗೇ ಅಂಟಿಕೊಳ್ಳುವುದುಂಟು. ಇದು ತಪ್ಪು ಲೆಕ್ಕ. ವಾರ್ಫರಿನ್ ಆಗದ ಇಂಥ ರೋಗಿಗಳಿಗೆ ಆಸ್ಪಿರಿನ್ ಮತ್ತು ಹೊಸ ಮಾತ್ರೆಗಳಲ್ಲೊಂದಾದ ಎಪಿಕ್ಸಬಾನ್ ಕೊಟ್ಟು ಹೋಲಿಸಿದ ಆವೆರೋಸ್ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಆಸ್ಪಿರಿನ್ ಗುಂಪಿನಲ್ಲಿ ವರ್ಷಕ್ಕೆ ಶೇಕಡ 3.7 ಜನರಿಗೆ ಪಾರ್ಶ್ವವಾಯು ಅಥವಾ ಅಂಥದೇ ಹೆಪ್ಪಿನ ತೊಂದರೆ ಆಯಿತು. ಎಪಿಕ್ಸಬಾನ್ ಗುಂಪಿನಲ್ಲಿ ಶೇಕಡ 1.6. ದೊಡ್ಡ ರಕ್ತಸ್ರಾವದಲ್ಲಿ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಸೌಮ್ಯ ಅಂದುಕೊಂಡದ್ದು ರಕ್ಷಣೆಯಲ್ಲಿ ಮಾತ್ರ ಸೌಮ್ಯವಾಗಿತ್ತು. ಕಾಲಿನ ಹೆಪ್ಪಿನ ಚಿಕಿತ್ಸೆಗೂ ಆಸ್ಪಿರಿನ್ ಒಂದೇ ಸಾಲದು.

ಹೆಪಾರಿನ್: ಬೇಗ ಹಿಡಿಯುವ ಇಂಜೆಕ್ಷನ್

ಹೆಪಾರಿನ್ ನಮ್ಮ ರಕ್ತದಲ್ಲೇ ಇರುವ ಆಂಟಿಥ್ರಾಂಬಿನ್‌ಗೆ ಬಲ ಕೊಟ್ಟು ಥ್ರಾಂಬಿನ್ ಮತ್ತು ಹತ್ತನೆಯ ಅಂಶವನ್ನು ತಡೆಯುತ್ತದೆ. ಜೇ ಮೆಕ್ಲೀನ್ ಎಂಬ ವೈದ್ಯಕೀಯ ವಿದ್ಯಾರ್ಥಿ 1916ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಮಾಡಿದ ಪ್ರಯೋಗಗಳಿಂದ ಇದರ ಕತೆ ಶುರು. ಈಗ ಇದನ್ನು ಹೆಚ್ಚಾಗಿ ಹಂದಿಯ ಕರುಳಿನಿಂದ ತಯಾರಿಸುತ್ತಾರೆ. ಧರ್ಮದ ಅಥವಾ ಆಹಾರದ ಕಾರಣಕ್ಕೆ ಇದು ಬೇಡ ಅನ್ನುವವರು ವೈದ್ಯರಿಗೆ ಮೊದಲೇ ಹೇಳಿದರೆ ಫಾಂಡಾಪರಿನಕ್ಸ್ ಎಂಬ ಪೂರ್ತಿ ಕೃತಕ ಔಷಧಿಯ ವಿಚಾರ ಮಾಡಬಹುದು.

ಇದರಲ್ಲಿ ಎರಡು ಬಗೆ. ರಕ್ತನಾಳಕ್ಕೆ ಡ್ರಿಪ್ ಮೂಲಕ ಕೊಡುವ ಸಾದಾ ಹೆಪಾರಿನ್ ಒಂದು. ನಿಲ್ಲಿಸಿದ ಕೆಲವೇ ಗಂಟೆಗಳಲ್ಲಿ ಇದರ ಪರಿಣಾಮ ಇಳಿಯುತ್ತದೆ, ಪ್ರೋಟಮಿನ್ ಎಂಬ ಪ್ರತ್ಯೌಷಧವೂ ಇದೆ. ಹಾಗಾಗಿ ಆಪರೇಷನ್‌ಗೆ ಒಯ್ಯಬೇಕಾಗಬಹುದಾದವರಿಗೆ, ಕಿಡ್ನಿ ತೀರಾ ಸೋತವರಿಗೆ, ಐಸಿಯುನಲ್ಲಿ ಇರುವವರಿಗೆ ಇದೇ ಅನುಕೂಲ. ಇನ್ನೊಂದು ಎನೊಕ್ಸಪರಿನ್‌ನಂಥ ಕಡಿಮೆ ತೂಕದ ಹೆಪಾರಿನ್. ಇದನ್ನು ಚರ್ಮದ ಕೆಳಗೆ ಚುಚ್ಚಿದರೆ ಸಾಕು, ಮನೆಯಲ್ಲೇ ತೆಗೆದುಕೊಳ್ಳಬಹುದು. ಪ್ರಮಾಣವನ್ನು ದೇಹದ ತೂಕ ನೋಡಿ ಲೆಕ್ಕ ಹಾಕುತ್ತಾರೆ. ಇದು ಕಿಡ್ನಿಯ ಮೂಲಕ ಹೊರಹೋಗುವುದರಿಂದ ಕಿಡ್ನಿ ದುರ್ಬಲವಾಗಿದ್ದರೆ ಪ್ರಮಾಣ ಇಳಿಸಬೇಕು.

ಚುಚ್ಚಿಕೊಳ್ಳುವ ಬಗೆ ಯಾರೂ ನಿಧಾನವಾಗಿ ಹೇಳಿಕೊಡುವುದಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಹೊಕ್ಕಳಿನಿಂದ ಸ್ವಲ್ಪ ದೂರದಲ್ಲಿ ಹೊಟ್ಟೆಯ ಪಕ್ಕದ ಜಾಗ ಆರಿಸಿ. ಹೆಬ್ಬೆರಳು ತೋರುಬೆರಳಿನಿಂದ ಚರ್ಮವನ್ನು ಮಡಿಕೆಯಾಗಿ ಹಿಡಿದು, ಸೂಜಿಯನ್ನು ನೆಟ್ಟಗೆ ಪೂರ್ತಿ ಇಳಿಸಿ. ಔಷಧಿ ಪೂರ್ತಿ ಹೋಗುವವರೆಗೂ ಮಡಿಕೆ ಬಿಡಬೇಡಿ. ಮೊದಲೇ ತುಂಬಿ ಬರುವ ಎನೊಕ್ಸಪರಿನ್ ಸಿರಿಂಜಿನಲ್ಲಿ ಒಂದು ಗಾಳಿಗುಳ್ಳೆ ಇರುತ್ತದೆ. ಇಡೀ ಸಿರಿಂಜಿನ ಔಷಧಿ ಕೊಡುವುದಾದರೆ ಅದನ್ನು ಹೊರಗೆ ತಳ್ಳಬಾರದು. ತಳ್ಳಲು ಹೋದರೆ ಔಷಧಿಯೂ ಹೊರಗೆ ಹೋಗುತ್ತದೆ. ಚುಚ್ಚಿದ ಮೇಲೆ ಉಜ್ಜಬೇಡಿ, ಉಜ್ಜಿದರೆ ನೀಲಿಗಟ್ಟುತ್ತದೆ. ಪ್ರತಿ ಸಲ ಎಡ–ಬಲ ಬದಲಾಯಿಸುತ್ತಾ ಹೋಗಿ.

ಹೆಪಾರಿನ್‌ನ ಒಂದು ವಿಚಿತ್ರ ಅಪಾಯ ಗೊತ್ತಿರಲಿ. ಅಪರೂಪಕ್ಕೆ ಕೆಲವರಲ್ಲಿ, ಶುರು ಮಾಡಿದ ಐದರಿಂದ ಹತ್ತು ದಿನದೊಳಗೆ ಪ್ಲೇಟ್‌ಲೆಟ್ ಸಂಖ್ಯೆ ಕುಸಿಯುತ್ತದೆ. ಜೊತೆಗೆ ಹೊಸ ಹೆಪ್ಪುಗಳೂ ಆಗುತ್ತವೆ. ಆಗ ಹೆಪಾರಿನ್ ಪೂರ್ತಿ ನಿಲ್ಲಿಸಿ ಬೇರೆ ಔಷಧಿಗೆ ಹೋಗಬೇಕು. ಮಧ್ಯೆ ಪ್ಲೇಟ್‌ಲೆಟ್ ಎಣಿಕೆ ಮಾಡಿಸಿ ಎಂದು ಬರೆದರೆ ತಪ್ಪಿಸಬೇಡಿ.

ವಾರ್ಫರಿನ್: ಹಳೆಯದು, ಹಟಮಾರಿ, ಇಂದಿಗೂ ಬೇಕು

1920ರ ದಶಕದಲ್ಲಿ ಉತ್ತರ ಅಮೆರಿಕದ ಹುಲ್ಲುಗಾವಲುಗಳಲ್ಲಿ ದನಗಳು ಸಣ್ಣ ಗಾಯಕ್ಕೂ ರಕ್ತ ಸೋರಿ ಸಾಯತೊಡಗಿದವು. ಕೆಟ್ಟುಹೋದ ಸ್ವೀಟ್ ಕ್ಲೋವರ್ ಮೇವು ಅದಕ್ಕೆ ಕಾರಣ ಎಂದು ಕಂಡುಬಂತು. 1933ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್‌ನ ರೈತರೊಬ್ಬರು ಸತ್ತ ಕರುವನ್ನೂ ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನನ್ನೂ ಹೊತ್ತು ಹಿಮದಲ್ಲಿ ದೂರ ಪ್ರಯಾಣಿಸಿ ವಿಶ್ವವಿದ್ಯಾಲಯದ ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯಕ್ಕೆ ಬಂದರು. ವರ್ಷಗಳ ಕೆಲಸದ ನಂತರ ಲಿಂಕ್ ತಂಡ ಆ ಮೇವಿನ ವಿಷವನ್ನು ಬೇರ್ಪಡಿಸಿತು. ಅದೇ ಸಾಲಿನಲ್ಲಿ ತಯಾರಾದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂತು, 1954ರಲ್ಲಿ ಮನುಷ್ಯರ ಔಷಧಿಯಾಗಿ ಒಪ್ಪಿಗೆ ಪಡೆಯಿತು. ಮರುವರ್ಷ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಇದನ್ನೇ ಕೊಟ್ಟರು. ‘ಇಲಿಪಾಷಾಣ ಕೊಡ್ತಿದ್ದಾರೆ’ ಎಂದು ಹೆದರಿ ಮಾತ್ರೆ ಬಿಡುವವರಿದ್ದಾರೆ. ಹೆದರಬೇಡಿ. ಪ್ರಮಾಣ ಸರಿಯಾಗಿದ್ದರೆ ಇದು ದಶಕಗಳಿಂದ ಜೀವ ಉಳಿಸುತ್ತಿರುವ ಔಷಧಿ.

ವಾರ್ಫರಿನ್ ನೇರವಾಗಿ ಹೆಪ್ಪಿನ ಅಂಶಗಳ ಮೇಲೆ ಬೀಳುವುದಿಲ್ಲ. ಎರಡು, ಏಳು, ಒಂಬತ್ತು ಮತ್ತು ಹತ್ತನೆಯ ಅಂಶಗಳನ್ನು ತಯಾರಿಸಲು ಲಿವರ್‌ಗೆ ವಿಟಮಿನ್ ಕೆ ಬೇಕು. ಆ ವಿಟಮಿನ್ ಮತ್ತೆ ಬಳಕೆಗೆ ಬರದಂತೆ ಇದು ತಡೆಯುತ್ತದೆ. ಆದರೆ ರಕ್ತದಲ್ಲಿ ಆಗಲೇ ಇರುವ ಹಳೆಯ ಅಂಶಗಳು ಮುಗಿಯಬೇಕಲ್ಲ? ಅದಕ್ಕೆ ದಿನಗಳೇ ಹಿಡಿಯುತ್ತವೆ. ಇನ್ನೊಂದು ತೊಡಕೂ ಇದೆ. ಹೆಪ್ಪನ್ನು ತಡೆಯುವ ಪ್ರೋಟೀನ್ ಸಿ ಕೂಡ ವಿಟಮಿನ್ ಕೆ ನಂಬಿಕೊಂಡೇ ತಯಾರಾಗುತ್ತದೆ, ಮತ್ತು ಅದು ಬೇಗ ಖಾಲಿಯಾಗುತ್ತದೆ. ಹೀಗಾಗಿ ಮೊದಲ ಕೆಲವು ದಿನ ವಾರ್ಫರಿನ್ ಒಂದನ್ನೇ ಕೊಟ್ಟರೆ ಹೆಪ್ಪುಗಟ್ಟುವುದು ಹೆಚ್ಚಾಗಲೂಬಹುದು. ಅದಕ್ಕೇ ಕನಿಷ್ಠ ಐದು ದಿನ, ಐಎನ್‌ಆರ್ ಎಂಬ ರಕ್ತ ಪರೀಕ್ಷೆಯ ಸಂಖ್ಯೆ ಎರಡು ದಾಟಿ ಒಂದು ದಿನ ನಿಲ್ಲುವವರೆಗೂ, ಹೆಪಾರಿನ್ ಇಂಜೆಕ್ಷನ್ ಜೊತೆಯಲ್ಲೇ ನಡೆಯಬೇಕು. ‘ಮಾತ್ರೆ ಶುರುವಾಯ್ತಲ್ಲ, ಇಂಜೆಕ್ಷನ್ ಯಾಕೆ’ ಎಂದು ನಿಲ್ಲಿಸಿದರೆ ಅಪಾಯವನ್ನು ಕರೆದ ಹಾಗೆ.

ಐಎನ್‌ಆರ್ ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂದು ತೋರುವ ಸಂಖ್ಯೆ. ಔಷಧಿ ಇಲ್ಲದವರಲ್ಲಿ ಅದು ಒಂದರ ಆಸುಪಾಸು. ಡಿವಿಟಿಗೆ, ಏಟ್ರಿಯಲ್ ಫಿಬ್ರಿಲೇಶನ್‌ಗೆ ಗುರಿ 2ರಿಂದ 3. ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಜಾಗದಲ್ಲಿ ಲೋಹದ ಕವಾಟ ಇದ್ದರೆ 2.5ರಿಂದ 3.5. ಎರಡಕ್ಕಿಂತ ಕೆಳಗಿಳಿದರೆ ರಕ್ಷಣೆ ಸಾಲದು, ನಾಲ್ಕು ದಾಟಿದರೆ ರಕ್ತಸ್ರಾವದ ಭಯ. ಇದೇ ವಾರ್ಫರಿನ್‌ನ ದೊಡ್ಡ ಕಷ್ಟ. ಒಬ್ಬರಿಗೆ ದಿನಕ್ಕೆ 2 ಮಿಲಿಗ್ರಾಂ ಸಾಕಾದರೆ ಇನ್ನೊಬ್ಬರಿಗೆ 8 ಬೇಕಾಗಬಹುದು. ಇದಕ್ಕೆ ಜೀನ್‌ಗಳಲ್ಲಿರುವ ವ್ಯತ್ಯಾಸ ಒಂದು ಕಾರಣ.

ಊಟದ ವಿಷಯದಲ್ಲಿ ತಪ್ಪು ಸಲಹೆ ತುಂಬಾ ಓಡಾಡುತ್ತದೆ. ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ ಹೆಚ್ಚು, ನಿಜ. ಹಾಗಂತ ಸೊಪ್ಪನ್ನೇ ಬಿಡಬೇಕಿಲ್ಲ. ವಾರವಾರವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಿ, ಅದಕ್ಕೆ ಹೊಂದುವ ಹಾಗೆ ವೈದ್ಯರು ಮಾತ್ರೆ ಹೊಂದಿಸುತ್ತಾರೆ. ಒಂದು ವಾರ ಪೂರ್ತಿ ಬಿಟ್ಟು ಮುಂದಿನ ವಾರ ಬಟ್ಟಲುಗಟ್ಟಲೆ ತಿಂದರೆ ಐಎನ್‌ಆರ್ ತೂಗುಯ್ಯಾಲೆಯಾಡುತ್ತದೆ. ಸೊಪ್ಪಿಗಿಂತ ನನಗೆ ಚಿಂತೆ ಬೇರೆ ಮಾತ್ರೆಗಳದು. ಮೆಟ್ರೊನಿಡಜೋಲ್, ಕೋ-ಟ್ರೈಮೊಕ್ಸಜೋಲ್, ಫ್ಲೂಕೊನಜೋಲ್ ಐಎನ್‌ಆರ್ ಅನ್ನು ಏರಿಸುತ್ತವೆ. ಕ್ಷಯರೋಗದ ರಿಫಾಂಪಿಸಿನ್ ಪೂರ್ತಿ ಇಳಿಸಿಬಿಡುತ್ತದೆ. ಯಾವುದೇ ಹೊಸ ಮಾತ್ರೆ ಶುರು ಮಾಡುವಾಗ, ನಿಲ್ಲಿಸುವಾಗ ಐಎನ್‌ಆರ್ ಬೇಗ ನೋಡಿಸಿ.

ಇಷ್ಟೆಲ್ಲ ಕಷ್ಟವಿದ್ದೂ ವಾರ್ಫರಿನ್ ಯಾಕೆ ಬೇಕು? ಇದಕ್ಕೆ ಬೇರೆ ಯಾವುದೂ ಸಾಟಿಯಾಗದ ಜಾಗಗಳಿವೆ. ಅದನ್ನು ಮುಂದೆ ಹೇಳುತ್ತೇನೆ. ಪರಿಣಾಮವನ್ನು ಸಂಖ್ಯೆಯಲ್ಲಿ ನೋಡಬಹುದು ಅನ್ನುವುದೂ ಕೆಲವರಿಗೆ ದೊಡ್ಡ ಧೈರ್ಯ. ವಿಟಮಿನ್ ಕೆ ಕೊಟ್ಟು ಪರಿಣಾಮವನ್ನು ಹಿಂದಕ್ಕೆ ತಿರುಗಿಸಲೂ ಬರುತ್ತದೆ.

ಹೊಸ ಮಾತ್ರೆಗಳು: ಈಗ ಹೆಚ್ಚಿನವರಿಗೆ ಮೊದಲ ಆಯ್ಕೆ

ಡಾಬಿಗಟ್ರಾನ್ ಥ್ರಾಂಬಿನ್ ಅನ್ನೇ ನೇರವಾಗಿ ತಡೆಯುತ್ತದೆ. ರಿವರೊಕ್ಸಬಾನ್, ಎಪಿಕ್ಸಬಾನ್, ಎಡೊಕ್ಸಬಾನ್ ಹತ್ತನೆಯ ಅಂಶವನ್ನು ತಡೆಯುತ್ತವೆ. ನುಂಗಿದ ಕೆಲವೇ ಗಂಟೆಗಳಲ್ಲಿ ಕೆಲಸ ಶುರು. ಐಎನ್‌ಆರ್ ಬೇಡ, ಸೊಪ್ಪಿನ ಲೆಕ್ಕ ಬೇಡ, ಪ್ರಮಾಣ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. ಏಟ್ರಿಯಲ್ ಫಿಬ್ರಿಲೇಶನ್ ಇರುವ 18,201 ಜನರಲ್ಲಿ ಎಪಿಕ್ಸಬಾನ್ ಮತ್ತು ವಾರ್ಫರಿನ್ ಹೋಲಿಸಿದ ಅರಿಸ್ಟಾಟಲ್ ಅಧ್ಯಯನ 2011ರಲ್ಲಿ ಬಂತು. ಎಪಿಕ್ಸಬಾನ್ ತೆಗೆದುಕೊಂಡವರಲ್ಲಿ ಪಾರ್ಶ್ವವಾಯು ಮತ್ತು ಅಂಥ ಹೆಪ್ಪಿನ ತೊಂದರೆ ಶೇಕಡ 21ರಷ್ಟು ಕಡಿಮೆ, ದೊಡ್ಡ ರಕ್ತಸ್ರಾವ ಶೇಕಡ 31ರಷ್ಟು ಕಡಿಮೆ. ಮಿದುಳಿನೊಳಗಿನ ರಕ್ತಸ್ರಾವ ಈ ಗುಂಪಿನ ಎಲ್ಲಾ ಮಾತ್ರೆಗಳಲ್ಲೂ ವಾರ್ಫರಿನ್‌ಗಿಂತ ಕಡಿಮೆ. ನನ್ನ ಕಣ್ಣಿಗೆ ಇದೇ ಇವುಗಳ ಅತಿ ದೊಡ್ಡ ಲಾಭ.

ಇವುಗಳ ನಡುವೆಯೂ ವ್ಯತ್ಯಾಸ ಇದೆ. ರಿವರೊಕ್ಸಬಾನ್ ಡಿವಿಟಿಗೆ ಮೊದಲ 21 ದಿನ 15 ಮಿಲಿಗ್ರಾಂ ದಿನಕ್ಕೆರಡು ಸಲ, ಆಮೇಲೆ 20 ಮಿಲಿಗ್ರಾಂ ಒಂದೇ ಸಲ. ಈ ಎರಡೂ ಮಾತ್ರೆಗಳನ್ನು ಊಟದ ಜೊತೆಗೇ ನುಂಗಬೇಕು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ದೇಹ ಹೀರಿಕೊಳ್ಳುವುದೇ ಕಡಿಮೆ. ಎಪಿಕ್ಸಬಾನ್ ಮೊದಲ ಏಳು ದಿನ 10 ಮಿಲಿಗ್ರಾಂ, ಆಮೇಲೆ 5 ಮಿಲಿಗ್ರಾಂ, ಎರಡೂ ದಿನಕ್ಕೆರಡು ಸಲ. ಊಟದ ಹಂಗಿಲ್ಲ. ಡಿವಿಟಿಗೆ ಡಾಬಿಗಟ್ರಾನ್ ಮತ್ತು ಎಡೊಕ್ಸಬಾನ್ ಶುರು ಮಾಡುವ ಮೊದಲು ಕನಿಷ್ಠ ಐದು ದಿನ ಹೆಪಾರಿನ್‌ನಂಥ ಇಂಜೆಕ್ಷನ್ ಬೇಕು. ಡಾಬಿಗಟ್ರಾನ್ ಕ್ಯಾಪ್ಸೂಲನ್ನು ಬಿಚ್ಚಿ ಪುಡಿ ನುಂಗಬಾರದು, ಹಾಗೆ ಮಾಡಿದರೆ ರಕ್ತಕ್ಕೆ ಸೇರುವ ಪ್ರಮಾಣ ತುಂಬಾ ಏರುತ್ತದೆ. ತೇವ ತಾಗಿದರೆ ಅದು ಕೆಡುತ್ತದೆ, ಹಾಗಾಗಿ ವಾರದ ಮಾತ್ರೆ ಡಬ್ಬಿಗೆ ಹಾಕಿಡಬೇಡಿ, ಬಂದ ಪೊಟ್ಟಣದಲ್ಲೇ ಇರಲಿ. ಎದೆಯುರಿ, ಹೊಟ್ಟೆಯ ತೊಂದರೆಯೂ ಇದರಲ್ಲಿ ಸ್ವಲ್ಪ ಜಾಸ್ತಿ.

ಕಿಡ್ನಿ ಇಲ್ಲಿ ದೊಡ್ಡ ಅಳತೆಗೋಲು. ಡಾಬಿಗಟ್ರಾನ್‌ನ ಸುಮಾರು ಶೇಕಡ 80 ಭಾಗ ಕಿಡ್ನಿಯ ಮೂಲಕ ಹೋಗುತ್ತದೆ. ಎಪಿಕ್ಸಬಾನ್‌ನಲ್ಲಿ ಸುಮಾರು ಕಾಲು ಭಾಗ ಮಾತ್ರ. ವಯಸ್ಸಾದವರಿಗೆ, ಕಿಡ್ನಿ ಸ್ವಲ್ಪ ಸೋತವರಿಗೆ ಎಪಿಕ್ಸಬಾನ್ ಕಡೆಗೆ ವೈದ್ಯರು ವಾಲುವುದು ಇದರಿಂದ. ದಿನಕ್ಕೆ ಒಂದೇ ಮಾತ್ರೆ ನೆನಪಿರುತ್ತದೆ ಎಂದು ರಿವರೊಕ್ಸಬಾನ್ ಆರಿಸುವವರಿದ್ದಾರೆ. ಅದೂ ಸರಿಯಾದ ಕಾರಣವೇ. ಮರೆಯದೆ ನುಂಗುವವರಿಗೆ, ರಕ್ತಸ್ರಾವದ ಭಯ ಹೆಚ್ಚಿರುವವರಿಗೆ ನಾನು ಎಪಿಕ್ಸಬಾನ್ ಬಗ್ಗೆ ಕೇಳಿ ನೋಡಿ ಅನ್ನುತ್ತೇನೆ.

ಇವುಗಳ ದೌರ್ಬಲ್ಯ ಅವುಗಳ ಬಲದಲ್ಲೇ ಇದೆ. ಬೇಗ ಹಿಡಿಯುತ್ತವೆ, ಬೇಗ ಬಿಡುತ್ತವೆ. ಅರ್ಧ ದಿನದಲ್ಲಿ ರಕ್ತದಲ್ಲಿನ ಮಟ್ಟ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎರಡು ದಿನ ಮರೆತರೆ ನೀವು ಔಷಧಿಯೇ ಇಲ್ಲದವರ ಹಾಗೆ. ವಾರ್ಫರಿನ್‌ನಲ್ಲಿ ಒಂದು ಮಾತ್ರೆ ತಪ್ಪಿದರೆ ಪರಿಣಾಮ ಅಷ್ಟು ಬೇಗ ಬೀಳುವುದಿಲ್ಲ. ಮಾತ್ರೆ ತಪ್ಪಿಸುವವರಿಗೆ ವಾರ್ಫರಿನ್‌ನಲ್ಲಿ ಐಎನ್‌ಆರ್ ಕಂಪ್ಲೇಂಟ್ ಹೇಳುತ್ತದೆ, ಹೊಸ ಮಾತ್ರೆಗಳಲ್ಲಿ ಹಾಗೆ ಎಚ್ಚರಿಸುವವರು ಯಾರೂ ಇಲ್ಲ. ಮಾತ್ರೆ ಮುಗಿಯುವ ಮೊದಲೇ ಹೊಸ ಪೊಟ್ಟಣ ತಂದಿಡುವುದು ಚಿಕಿತ್ಸೆಯ ಭಾಗವೇ. ಪ್ರತ್ಯೌಷಧದ ವಿಷಯಕ್ಕೆ ಬಂದರೆ, ಡಾಬಿಗಟ್ರಾನ್‌ಗೆ ಇಡರುಸಿಜುಮ್ಯಾಬ್ 2015ರಲ್ಲಿ ಬಂತು. ಉಳಿದವುಗಳಲ್ಲಿ ರಕ್ತಸ್ರಾವವಾದರೆ ಹೆಪ್ಪಿನ ಅಂಶಗಳ ಸಾಂದ್ರ ದ್ರಾವಣವನ್ನು ಹೆಚ್ಚಾಗಿ ಕೊಡುತ್ತಾರೆ. ರಿಫಾಂಪಿಸಿನ್, ಫೆನಿಟೊಯಿನ್, ಕಾರ್ಬಮಜೆಪಿನ್ ಇವುಗಳ ಬಲವನ್ನೂ ಇಳಿಸುತ್ತವೆ. ಅಪಸ್ಮಾರದ ಮಾತ್ರೆ ತಗೊಳ್ಳುವವರು ಇದನ್ನು ಹೇಳದೇ ಇರಬಾರದು.

ಯಾರಿಗೆ ಯಾವುದು

ಸಾಮಾನ್ಯ ಡಿವಿಟಿ ಅಥವಾ ಶ್ವಾಸಕೋಶದ ಹೆಪ್ಪು, ಕಿಡ್ನಿ ಲಿವರ್ ಸರಿ ಇದೆ ಅಂದರೆ ಎಪಿಕ್ಸಬಾನ್ ಅಥವಾ ರಿವರೊಕ್ಸಬಾನ್. ಏಟ್ರಿಯಲ್ ಫಿಬ್ರಿಲೇಶನ್‌ಗೂ ಹೊಸ ಮಾತ್ರೆಗಳೇ ಮೊದಲು. ಇಲ್ಲಿ ಜಾಸ್ತಿ ಯೋಚಿಸಬೇಕಾದ್ದಿಲ್ಲ.

ಯೋಚಿಸಬೇಕಾದ್ದು ಬೇರೆಯವರ ವಿಷಯದಲ್ಲಿ. ಹೃದಯದಲ್ಲಿ ಲೋಹದ ಕವಾಟ ಇದ್ದರೆ ವಾರ್ಫರಿನ್ ಮಾತ್ರ. ಇಂಥವರಲ್ಲಿ ಡಾಬಿಗಟ್ರಾನ್ ಪರೀಕ್ಷಿಸಿದ ಅಧ್ಯಯನವನ್ನು ಹೆಪ್ಪು ಮತ್ತು ರಕ್ತಸ್ರಾವ ಎರಡೂ ಹೆಚ್ಚಾದ್ದರಿಂದ ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾಗಿ, ಜೊತೆಗೆ ಏಟ್ರಿಯಲ್ ಫಿಬ್ರಿಲೇಶನ್ ಇರುವವರಿಗೂ ವಾರ್ಫರಿನ್ ಗುಂಪಿನ ಔಷಧಿಯೇ ಮೇಲು. 2022ರ ಇನ್ವಿಕ್ಟಸ್ ಅಧ್ಯಯನದಲ್ಲಿ ರಿವರೊಕ್ಸಬಾನ್ ತೆಗೆದುಕೊಂಡವರಲ್ಲಿ ಸಾವು ಹೆಚ್ಚಿತ್ತು. ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಎಂಬ ಕಾಯಿಲೆಯಲ್ಲಿ ಅದನ್ನು ಗುರುತಿಸುವ ಮೂರೂ ರಕ್ತ ಪರೀಕ್ಷೆಗಳು ಪಾಸಿಟಿವ್ ಬಂದವರಿಗೂ ಅಷ್ಟೇ, ವಾರ್ಫರಿನ್. ಈ ಮೂರರಲ್ಲಿ ಯಾವುದಾದರೂ ಇದ್ದವರು ‘ಹೊಸದು ಬಂದಿದೆಯಂತೆ, ಬದಲಾಯಿಸಿ’ ಎಂದು ಒತ್ತಾಯ ಮಾಡಬೇಡಿ.

ಗರ್ಭಿಣಿಯರಿಗೆ ಕಡಿಮೆ ತೂಕದ ಹೆಪಾರಿನ್. ಅದು ಮಾಸುಚೀಲ ದಾಟಿ ಮಗುವಿಗೆ ಹೋಗುವುದಿಲ್ಲ. ವಾರ್ಫರಿನ್ ಹೋಗುತ್ತದೆ, ಮೊದಲ ತಿಂಗಳುಗಳಲ್ಲಿ ಮಗುವಿನ ಬೆಳವಣಿಗೆ ಕೆಡಿಸಬಹುದು. ಹೊಸ ಮಾತ್ರೆಗಳೂ ಬೇಡ. ಮಗುವಿಗೆ ಹಾಲೂಡಿಸುವಾಗ ಹೆಪಾರಿನ್, ವಾರ್ಫರಿನ್ ಎರಡೂ ನಡೆಯುತ್ತವೆ. ಮಗು ಬೇಕೆಂದು ಯೋಚಿಸುತ್ತಿರುವವರು ಗರ್ಭ ನಿಲ್ಲುವ ಮೊದಲೇ ವೈದ್ಯರ ಹತ್ತಿರ ಮಾತಾಡಬೇಕು.

ಕ್ಯಾನ್ಸರ್ ಇರುವವರಿಗೆ ಇಂಜೆಕ್ಷನ್ ಅಥವಾ ಹೊಸ ಮಾತ್ರೆ, ಎರಡೂ ಆಗುತ್ತವೆ. ಗಡ್ಡೆ ಹೊಟ್ಟೆ–ಕರುಳಿನಲ್ಲಿ ಇದ್ದರೆ ಮಾತ್ರೆಯಿಂದ ಅಲ್ಲಿ ರಕ್ತಸ್ರಾವ ಹೆಚ್ಚಬಹುದು, ಆಗ ಇಂಜೆಕ್ಷನ್ ಕಡೆ ನೋಡುತ್ತಾರೆ. ಕೀಮೋಥೆರಪಿಯಿಂದ ವಾಂತಿಯಾಗುತ್ತಿದ್ದರೂ ಇಂಜೆಕ್ಷನ್ನೇ ಭರವಸೆಯದು.

ಕರಗಿಸುವ ಔಷಧಿ ಯಾಕೆ ಎಲ್ಲರಿಗೂ ಕೊಡುವುದಿಲ್ಲ

ಮೇಲೆ ಹೇಳಿದ ಯಾವ ಔಷಧಿಯೂ ಆಗಿರುವ ಹೆಪ್ಪನ್ನು ಕರಗಿಸುವುದಿಲ್ಲ. ಅದು ಬೆಳೆಯದಂತೆ, ಹೊಸದು ಆಗದಂತೆ ತಡೆಯುತ್ತವೆ. ಕರಗಿಸುವುದು ದೇಹದ ಪ್ಲಾಸ್ಮಿನ್, ಅದೂ ವಾರಗಟ್ಟಲೆ. ‘ಹಾಗಾದರೆ ನೇರ ಕರಗಿಸುವ ಆಲ್ಟಿಪ್ಲೇಸ್ ಕೊಡಬಾರದೇ?’ ಎಂದು ಮನೆಯವರು ಕೇಳುತ್ತಾರೆ. ಅದು ಬೇಡದ ಹೆಪ್ಪಿನ ಜೊತೆ ಬೇಕಾದ ಹೆಪ್ಪನ್ನೂ ಕರಗಿಸುತ್ತದೆ. ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು. ಶ್ವಾಸಕೋಶದ ದೊಡ್ಡ ಹೆಪ್ಪಿನಿಂದ ರಕ್ತದೊತ್ತಡ ಕುಸಿದಿದ್ದರೆ, ಅಥವಾ ಪಾರ್ಶ್ವವಾಯು ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಆಸ್ಪತ್ರೆ ತಲುಪಿದ್ದರೆ ಆ ಅಪಾಯ ಹೊರುವುದರಲ್ಲಿ ಅರ್ಥವಿದೆ. ಕಾಲಿನ ಸಾಮಾನ್ಯ ಹೆಪ್ಪಿಗೆ ಇಲ್ಲ. ಹೊಟ್ಟೆಯ ದೊಡ್ಡ ಅಭಿಧಮನಿಯಲ್ಲಿ ಕೂರಿಸುವ ಫಿಲ್ಟರ್ ಕೂಡ ರಕ್ತಸ್ರಾವದಿಂದಾಗಿ ಔಷಧಿಯನ್ನೇ ಕೊಡಲಾಗದವರಿಗೆ ಮಾತ್ರ. ಬಿಗಿ ಸಾಕ್ಸ್ ಊತ, ನೋವು ಇಳಿಸಬಹುದು, ಆದರೆ ಔಷಧಿಗೆ ಬದಲಿ ಅಲ್ಲ.

ಎಷ್ಟು ದಿನ?

ಕನಿಷ್ಠ ಮೂರು ತಿಂಗಳು. ಆಮೇಲಿನದು ‘ಯಾಕೆ ಆಯಿತು’ ಅನ್ನುವುದರ ಮೇಲೆ. ದೊಡ್ಡ ಆಪರೇಷನ್ ಆದ ಮೇಲೆ ಆಗಿದ್ದರೆ ಕಾರಣ ಹೋಯಿತು, ಮತ್ತೆ ಆಗುವ ಸಾಧ್ಯತೆ ಕಡಿಮೆ, ನಿಲ್ಲಿಸಬಹುದು. ಯಾವ ಕಾರಣವೂ ಇಲ್ಲದೆ ಆಗಿದ್ದರೆ ಲೆಕ್ಕ ಬೇರೆ. ಅಂಥವರು ಔಷಧಿ ನಿಲ್ಲಿಸಿದರೆ ಮೊದಲ ವರ್ಷದಲ್ಲೇ ನೂರರಲ್ಲಿ ಸುಮಾರು ಹತ್ತು ಜನರಿಗೆ, ಹತ್ತು ವರ್ಷದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನರಿಗೆ ಮತ್ತೆ ಹೆಪ್ಪಾಗುತ್ತದೆ. ಅದಕ್ಕೇ ಆರು ತಿಂಗಳ ನಂತರ ಕಡಿಮೆ ಪ್ರಮಾಣದಲ್ಲಿ ಮುಂದುವರಿಸುವ ದಾರಿ ಇದೆ: ಎಪಿಕ್ಸಬಾನ್ 2.5 ಮಿಲಿಗ್ರಾಂ ದಿನಕ್ಕೆರಡು ಸಲ, ಅಥವಾ ರಿವರೊಕ್ಸಬಾನ್ 10 ಮಿಲಿಗ್ರಾಂ ಒಂದು ಸಲ. 2017ರಲ್ಲಿ ಪ್ರಕಟವಾದ ಐನ್‌ಸ್ಟೈನ್ ಚಾಯ್ಸ್ ಅಧ್ಯಯನದಲ್ಲಿ ಈ 10 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಶೇಕಡ 1.2 ಜನರಿಗೆ ಮತ್ತೆ ಹೆಪ್ಪಾಯಿತು, ಆಸ್ಪಿರಿನ್ ತೆಗೆದುಕೊಂಡವರಲ್ಲಿ ಶೇಕಡ 4.4. ದೊಡ್ಡ ರಕ್ತಸ್ರಾವ ಎರಡರಲ್ಲೂ ಅಪರೂಪವೇ ಆಗಿತ್ತು. ಮೂರು ತಿಂಗಳ ಭೇಟಿಯಲ್ಲಿ ‘ನಿಲ್ಲಿಸಲಾ?’ ಎಂದಷ್ಟೇ ಕೇಳಿ ಬರಬೇಡಿ. ‘ನನಗೆ ಕಾರಣ ಇದ್ದು ಆಯಿತೋ, ಇಲ್ಲದೇ ಆಯಿತೋ?’ ಎಂದು ಕೇಳಿ.

ಯಾವುದನ್ನೇ ಆರಿಸಿದರೂ

ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ. ಇವು ಹೊಟ್ಟೆಯೊಳಗೆ ರಕ್ತಸ್ರಾವ ಹೆಚ್ಚಿಸುತ್ತವೆ. ಪ್ಯಾರಾಸಿಟಮಾಲ್ ವಾಸಿ, ಅದನ್ನೂ ವಾರ್ಫರಿನ್ ಜೊತೆ ದಿನಗಟ್ಟಲೆ ತಗೊಂಡರೆ ಐಎನ್‌ಆರ್ ನೋಡಿಸಬೇಕು. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ನೀವಾಗಿಯೇ ಎರಡು ನುಂಗಬೇಡಿ, ನಿಮ್ಮ ಮಾತ್ರೆಯ ನಿಯಮ ಕೇಳಿಕೊಂಡಿರಿ. ಹಲ್ಲು ಕೀಳಿಸುವ ಮೊದಲು, ಆಪರೇಷನ್ ಮೊದಲು ಔಷಧಿಯ ಹೆಸರು ಹೇಳಿ. ನಿಲ್ಲಿಸಬೇಕೋ ಬೇಡವೋ ಅವರೇ ಹೇಳಲಿ, ನೀವಾಗಿ ನಿಲ್ಲಿಸಬೇಡಿ. ಔಷಧಿಯ ಹೆಸರು, ಪ್ರಮಾಣ, ಯಾಕೆ ತಗೊಳ್ತಿದ್ದೀರಿ ಅನ್ನುವುದನ್ನು ಬರೆದ ಒಂದು ಚೀಟಿ ಪರ್ಸಿನಲ್ಲಿರಲಿ. ಮಲ ಟಾರಿನಂತೆ ಕಪ್ಪಾದರೆ, ಮೂತ್ರ ಕೆಂಪಾದರೆ, ಒತ್ತಿ ಹಿಡಿದರೂ ಮೂಗಿನ ರಕ್ತ ನಿಲ್ಲದಿದ್ದರೆ, ತಲೆಗೆ ಪೆಟ್ಟು ಬಿದ್ದರೆ ನಾಳೆ ನೋಡೋಣ ಅನ್ನಬೇಡಿ. ತಲೆಗೆ ಬಿದ್ದ ಪೆಟ್ಟಿನ ಮಟ್ಟಿಗೆ, ಮೇಲಿಂದ ಏನೂ ಕಾಣದಿದ್ದರೂ ಆಸ್ಪತ್ರೆಗೆ ಹೋಗಿ, ಔಷಧಿಯ ಹೆಸರನ್ನೂ ಕೊನೆಯ ಮಾತ್ರೆ ನುಂಗಿದ ಹೊತ್ತನ್ನೂ ಮೊದಲು ಹೇಳಿ.